ಅರ್ಧ ಬೆರಳಿನ ಡೊಂಕು

ಹೆಂಡತಿ ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡದ್ದೇ ತಡ, ಮರಿ ಮೇಸ್ತ್ರಿ ಅವಳ ಸೈಕಲ್ಲನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿ ಹಿಂದಿನ ಗಾಲಿಯನ್ನು ಕಳಚಿದ. ಅವಳು ತಲೆಗೆ ನೀರು ಹಾಕಿಕೊಳ್ಳುವ ದಿನ, ಬೇಗ ಹೊರಗೆ ಬರುವವಳಲ್ಲ. ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಒಳಗೆ ಚೊಂಬು ಸದ್ದಾದಾಗಲೆಲ್ಲ ಅವನು ತಲೆಯೆತ್ತಿ ನೋಡುತ್ತಿದ್ದ. ಟೈರನ್ನು ರಿಮ್ಮಿನಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದ. ಹಾಕಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಎಡಗಡೆಯ ರಬ್ಬರು ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು, ಅಚ್ಚಿನ ಸಣ್ಣ ಗೆರೆಗಳೂ ಮಾಸಿರಲಿಲ್ಲ. ಬಲಗಡೆ ಮಾತ್ರ ಸವೆದು ಸವೆದು ಒಳಗಿನ ನೂಲಿನ ಹೆಣಿಗೆ ಇಣುಕುತ್ತಿತ್ತು.

ಈ ಕಳ್ಳಗೆಲಸ ಇದೇ ಮೊದಲಲ್ಲ. ಅದೇ ತರಹದ ಹೊಸ ಟೈರು ತಂದು, ಅಂಗಳದ ಮಣ್ಣಿನಲ್ಲಿ ತಿಕ್ಕಿ ಹೊಳಪು ಕೆಡಿಸಿ, ಹಳೆಯದರ ಜಾಗಕ್ಕೆ ಏರಿಸುವುದು. ಸವೆದದ್ದನ್ನು ವರ್ಕ್‌ಶಾಪಿನ ಎಣ್ಣೆ ಡ್ರಮ್ಮಿನ ಹಿಂದಕ್ಕೆ ತುರುಕುವುದು. ನಲವತ್ತರ ಗಂಡಸು, ಅರ್ಧ ತಲೆ ಬೋಳಾದವನು, ಕದ್ದು ಸಕ್ಕರೆ ತಿನ್ನುವ ಮಗುವಿನ ಹಾಗೆ ಬೆವರುತ್ತಿದ್ದ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ, ಬೆಟ್ಟದಷ್ಟಿತ್ತು. ಆದರೆ ಈ ಕಡೆ ಹೆಂಡತಿ, ಆ ಕಡೆ ಸತ್ತುಹೋದ ಅಪ್ಪನ ಹೆಸರು. ನಡುವೆ ಸಿಕ್ಕಿಕೊಂಡಿದ್ದ ಪಾಪ.

ಅಪ್ಪನನ್ನು ಸೈಕಲ್ ತುಳಿಯುವವರೆಲ್ಲ ದಾರದ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಕೊಳವೆ ಕತ್ತರಿಸಿ, ಹಿತ್ತಾಳೆ ಕರಗಿಸಿ ಬೆಸೆದು ಸೈಕಲ್ಲಿನ ಫ್ರೇಮು ಕಟ್ಟುವವನು. ಅವನ ಜೇಬಿನಲ್ಲಿ ಸದಾ ಒಂದು ಉಂಡೆ ದಾರ ಇರುತ್ತಿತ್ತು. ಫ್ರೇಮಿನ ಮುಂದಿನ ಕೊಳವೆಗೆ ದಾರ ಸುತ್ತಿ, ಎರಡೂ ಎಳೆಗಳನ್ನು ಬಿಗಿಯಾಗಿ ಎಳೆದು ಹಿಂದಿನ ಗಾಲಿ ಕೂರುವ ಎರಡು ಕವಲುಗಳಿಗೆ ಕಟ್ಟಿದರೆ, ನಡುವೆ ಸೀಟಿನ ಕೊಳವೆ ನಿಂತಿರುತ್ತದೆ. ಆ ಕೊಳವೆಗೂ ದಾರಕ್ಕೂ ನಡುವಿನ ಸಂದು ಎಡಬಲಕ್ಕೆ ಒಂದೇ ಇದ್ದರೆ ಫ್ರೇಮು ನೆಟ್ಟಗಿದೆ. ಹೆಚ್ಚುಕಡಿಮೆ ಇದ್ದರೆ ಹಿಂದಿನ ಕವಲು ಸೊಟ್ಟಗಿದೆ. ಇಷ್ಟೇ ಶಾಸ್ತ್ರ. ಎಂಥೆಂಥ ದೊಡ್ಡ ಅಂಗಡಿಯ ಫ್ರೇಮುಗಳನ್ನೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೆ ಸಾಕು, "ತಗೊಂಡು ಹೋಗಿ ಬಟ್ಟೆ ಒಣಗಿಸ್ಕೊಳ್ಳಿ" ಎಂದು ವಾಪಸು ಕಳಿಸುತ್ತಿದ್ದ. ಅಂಥ ಅಪ್ಪನ ಮಗನಾದ್ದರಿಂದಲೇ ಇವನು ಇನ್ನೂ ಮರಿ ಮೇಸ್ತ್ರಿ.

ವರ್ಕ್‌ಶಾಪಿನ ಗೋಡೆಯ ಮೇಲೆ, ಇವನಿಗೆ ಬುದ್ಧಿ ತಿಳಿದಾಗಿನಿಂದ, ಒಂದು ಹಸಿರು ಸೈಕಲ್ಲು ತೂಗುತ್ತಿತ್ತು. "ನನ್ನ ಕೈಯಲ್ಲಿ ಆದದ್ದರಲ್ಲೆಲ್ಲ ಇದೇ ಶ್ರೇಷ್ಠ" ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ. ರೇಸಿನವರು ಬಂದು ಅಂಗಲಾಚಿದರೂ ಕೊಡಲಿಲ್ಲ, ತಾನೂ ಹತ್ತಲಿಲ್ಲ. ಅಪ್ಪ ಹೋದ ಮೇಲೂ ಅದು ಅಲ್ಲೇ ಇತ್ತು. ಹೋದ ವರ್ಷ ಹೆಂಡತಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು, ಗುಂಪು ಕಟ್ಟಿಕೊಂಡು ದೂರ ದೂರ ಸೈಕಲ್ ತುಳಿಯುವ ಹುಚ್ಚು ಹಿಡಿಸಿಕೊಂಡು, "ಮಾವನ ಸೈಕಲ್ಲು ಇಳಿಸಿಕೊಡ್ರೀ" ಎಂದಳು. ಇವನಿಗೆ ಆನಂದವೋ ಆನಂದ. ಧೂಳು ಕೊಡವಿ, ಹೊಸ ಗಾಲಿ, ಹೊಸ ಪೆಡಲು ಹಾಕಿ ಕೊಟ್ಟ. ಹಳೆಯ ಬಲಪೆಡಲಿಗೆ ಎರಡು ತಿರುಪು ಬಿಗಿದು ಕೂರಿಸಿದ್ದ ಮರದ ತುಂಡೊಂದಿತ್ತು. ಅದೇನೋ ಎಂದುಕೊಂಡು ಬಿಚ್ಚಿ ಎಸೆದಿದ್ದ. ಅಮ್ಮ ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ಸಂದಿಗೆ ಒತ್ತು ಕೊಟ್ಟಿದ್ದಳು.

ಮೊದಲ ಟೈರು ಒಂದೇ ಮಗ್ಗುಲಿಗೆ ಸವೆದದ್ದನ್ನು ಕಂಡವಳು ಹೆಂಡತಿಯೇ. ಗುಂಪಿನ ಕೋಚಿಗೆ ತೋರಿಸಿ, "ಫ್ರೇಮು ಸೊಟ್ಟಗಿರಬಹುದಾ ಸರ್?" ಎಂದು ಕೇಳಿದಳಂತೆ. ಕೋಚು ಎಲ್ಲರೆದುರಿಗೆ ನಕ್ಕು, "ದಾರದ ಮೇಸ್ತ್ರಿ ಫ್ರೇಮು ಸೊಟ್ಟಾನಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನೀವು ಕೂರೋದೇ ಸರಿಯಿಲ್ಲ ಮೇಡಂ" ಎಂದನಂತೆ. ಆ ಸಂಜೆಯೇ ಮರಿ ಮೇಸ್ತ್ರಿ ಒಬ್ಬನೇ ಕುಳಿತು ದಾರ ಎಳೆದು ನೋಡಿದ. ಎಡಕ್ಕೂ ಬಲಕ್ಕೂ ಅರ್ಧ ಬೆರಳಿನ ವ್ಯತ್ಯಾಸ! ಕೂದಲೆಳೆಯಲ್ಲ, ಅರ್ಧ ಬೆರಳು. ಬಿಚ್ಚಿ ಮತ್ತೆ ಕಟ್ಟಿದ. ಅಷ್ಟೇ. ದಾರದ ಮೇಸ್ತ್ರಿ ಜೀವಮಾನವೆಲ್ಲ ಶ್ರೇಷ್ಠ ಎಂದು ತೋರಿಸಿದ ಫ್ರೇಮು ಸೊಟ್ಟಗಿತ್ತು.

ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಾಯಿ ಬಿಟ್ಟರೆ ಬೆಳಗಾಗುವುದರೊಳಗೆ ಗುಂಪಿನವರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಟೈರು ಬದಲಾಯಿಸುವ ಈ ಆಟ ಶುರುವಾದದ್ದು. ಆದರೆ ಆಟ ತಿರುಗಿಬಿತ್ತು. ಟೈರು ಈಗ ಸವೆಯುತ್ತಿಲ್ಲ ಎಂದು ಕಂಡ ಹೆಂಡತಿ, ತಾನು ಕೂರುವುದನ್ನು ತಿದ್ದಿಕೊಂಡದ್ದರಿಂದಲೇ ಹೀಗಾಯಿತು ಎಂದುಕೊಂಡು, ಇನ್ನಷ್ಟು ತಿದ್ದಿಕೊಳ್ಳತೊಡಗಿದಳು. ಊಟಕ್ಕೆ ಕೂತರೂ ಟವೆಲ್ಲು ಮಡಿಸಿ ಒಂದು ಕಡೆಗಿಟ್ಟು ಕೂರುವುದು, ಕನ್ನಡಿಯ ಮುಂದೆ ಹೆಗಲು ಅಳೆಯುವುದು. ಸೊಂಟ ನೋವು ಶುರುವಾಯಿತು. ಗಂಡ ರಾತ್ರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ, ಬಾಯಿ ಮಾತ್ರ ಬಿಡಲಿಲ್ಲ. ಎಂಥ ಮನುಷ್ಯನಪ್ಪಾ!

ಬರುವ ಭಾನುವಾರ ಅವಳ ಗುಂಪು ಒಂದೇ ಹಗಲಿನಲ್ಲಿ ಬೆಟ್ಟ ದಾಟಿ ಸಮುದ್ರದ ದಂಡೆ ಮುಟ್ಟುವುದೆಂದು ನಿಶ್ಚಯವಾಗಿತ್ತು. ವರ್ಷವಿಡೀ ಅವಳು ಅದೊಂದೇ ಜಪ ಮಾಡಿದ್ದಳು. ಗುರುವಾರ ಸಂಜೆ ಅಮ್ಮ ನಡುಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಹೆಂಡತಿ ಸ್ಟೂಲಿನ ಮೇಲೆ ಎಡಸೊಂಟದ ಕೆಳಗೆ ಟವೆಲ್ಲು ಇಟ್ಟುಕೊಂಡು ಕನ್ನಡಿ ನೋಡುತ್ತ ಕುಳಿತಿದ್ದವಳು, ಇದ್ದಕ್ಕಿದ್ದಂತೆ ಟವೆಲ್ಲು ಎಳೆದು ಮೂಲೆಗೆ ಎಸೆದಳು.

"ನಾನು ಭಾನುವಾರ ಹೋಗಲ್ಲ ರೀ."

"ಯಾಕೆ? ಏನಾಯ್ತು?"

"ಏನಾಗೋದು? ನನ್ನ ಮೈಯೇ ಸೊಟ್ಟ. ಇವತ್ತು ಕೋಚು ಹಿಂದಿನಿಂದ ನೋಡಿ, ಸೈಕಲ್ಲು ಬಲಕ್ಕೆ ವಾಲ್ಕೊಂಡೇ ಹೋಗುತ್ತೆ, ಬೆಟ್ಟ ಇಳಿಯೋವಾಗ ಟೈರು ಒಂದೇ ಮಗ್ಗುಲಲ್ಲಿ ಸವೆದು ಸಿಡಿದ್ರೆ ಯಾರು ಜವಾಬ್ದಾರಿ ಅಂದ್ರು. ಮಾವ ಅಷ್ಟು ನೆಟ್ಟಗೆ ಕಟ್ಟಿಟ್ಟ ಸೈಕಲ್ಲಿನ ಮೇಲೆ ನೆಟ್ಟಗೆ ಕೂರೋಕೆ ಬರಲ್ಲ ನನಗೆ." ಅವಳ ದನಿ ಒಡೆಯಿತು. "ಅತ್ತೆ, ನೀವೇ ಹೇಳಿ, ನಾನು ಸೊಟ್ಟಗೆ ಕೂರ್ತೀನಾ?"

ಅಮ್ಮನ ಕೈಯಲ್ಲಿ ಬಟಾಣಿ ಹಾಗೇ ನಿಂತಿತ್ತು. ಅವಳು ಸೊಸೆಯನ್ನೇ ನೋಡಿದಳು. ಎದ್ದು, ತನ್ನ ಕುಂಟುನಡಿಗೆಯಲ್ಲಿ ಒಳಗೆ ಹೋದಳು. ಅಮ್ಮನ ಬಲಗಾಲು ಹುಟ್ಟಿನಿಂದಲೇ ಗಿಡ್ಡ, ಸೊಂಟವೂ ಆ ಕಡೆಗೇ ಇಳಿಜಾರು. ಬಲಗಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹೊಲಿಸಿಕೊಂಡಿದ್ದಳು. ಮನೆಯವರಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಅಮ್ಮ ಕುಂಟುತ್ತಾಳೆಂದು ಯಾರಿಗೂ ನೆನಪೇ ಇರುತ್ತಿರಲಿಲ್ಲ.

ಮರಿ ಮೇಸ್ತ್ರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದವನೇ ನಿಶ್ಚಯ ಮಾಡಿಬಿಟ್ಟಿದ್ದ: ಸೊಟ್ಟಗಿರುವುದನ್ನು ಬಗ್ಗಿಸಿ ನೆಟ್ಟಗೆ ಮಾಡಿದರಾಯಿತು. ಹಿಂದಿನ ಕವಲಿಗೆ ಕಬ್ಬಿಣದ ಕಂಬಿ ತೂರಿಸಿ ಒಂದೇ ಅದುಮು. ಅಪ್ಪನ ಹೆಸರೂ ಉಳಿಯುತ್ತದೆ, ಹೆಂಡತಿಯೂ ಸಮುದ್ರ ನೋಡುತ್ತಾಳೆ. ವರ್ಕ್‌ಶಾಪಿಗೆ ಹೋಗಿ, ಗಾಲಿಗಳನ್ನು ಕಳಚಿ, ಫ್ರೇಮನ್ನು ಮೇಜಿನ ಇಕ್ಕಳಕ್ಕೆ ಬಿಗಿದ. ಕೊನೆಯದಾಗಿ ಒಮ್ಮೆ ದಾರ ಕಟ್ಟಿ ನೋಡಿದ. ಅದೇ ಅರ್ಧ ಬೆರಳು. "ತಪ್ಪು ತಿಳ್ಕೋಬೇಡಪ್ಪ" ಎಂದು ಗೋಡೆಯ ಖಾಲಿ ಮೊಳೆಗೆ ಹೇಳಿ, ಕಂಬಿಯನ್ನು ಕವಲಿನೊಳಗೆ ತೂರಿಸಿ, ಮೈಭಾರ ಬಿಡಲು ಕಾಲು ಊರಿದ.

"ಏಯ್! ಮುಟ್ಟಬೇಡ ಅದನ್ನ!"

ಬಾಗಿಲಲ್ಲಿ ಅಮ್ಮ. ಒಂದು ಕೈಯಿಂದ ಸೊಸೆಯ ತೋಳು ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಅಡುಗೆಮನೆ ಬಾಗಿಲಿನ ಮರದ ತುಂಡು.

"ಅಮ್ಮಾ, ನಿನಗೆ ಇದೆಲ್ಲ ಗೊತ್ತಾಗಲ್ಲ, ಒಳಗೆ ಹೋಗು. ಇದು ಸ್ವಲ್ಪ..."

"ಡೊಂಕಿದೆ. ಅರ್ಧ ಬೆರಳು. ಎಡಕ್ಕೆ. ನನಗೆ ಗೊತ್ತಾಗದೆ ಇನ್ಯಾರಿಗೋ ಗೊತ್ತಾಗುತ್ತೆ? ನಿಮ್ಮಪ್ಪ ಆ ಅರ್ಧ ಬೆರಳಿಗೋಸ್ಕರ ಮೂರು ಫ್ರೇಮು ಕತ್ತರಿಸಿ ಬಿಸಾಕಿದ್ರು."

ಮರಿ ಮೇಸ್ತ್ರಿಯ ಕೈಯಲ್ಲಿದ್ದ ಕಂಬಿ ಠಣ್ಣೆಂದು ನೆಲಕ್ಕೆ ಬಿತ್ತು. ಹೆಂಡತಿ ಅವನನ್ನು ನೋಡಲಿಲ್ಲ. ಅವಳ ಕಣ್ಣು ಬಿಗಿದು ಕಟ್ಟಿದ ದಾರದ ಮೇಲಿತ್ತು, ಅಲ್ಲಿಂದ ಎಣ್ಣೆ ಡ್ರಮ್ಮಿನ ಹಿಂದೆ ಹೊರಗೆ ಚಾಚಿದ್ದ ಟೈರುಗಳ ಕಡೆಗೆ ಹೋಯಿತು. ಹೋಗಿ ಒಂದೊಂದಾಗಿ ಎಳೆದು ನೋಡಿದಳು. ಎಲ್ಲವೂ ಬಲಕ್ಕೆ ಸವೆದವು.

"ಇವು ನನ್ನವಾ?"

"ಹೂಂ," ಎಂದ ಅವನು. ತಲೆ ಎತ್ತಲಾಗಲಿಲ್ಲ. "ನಿನ್ನ ತಪ್ಪಲ್ಲ ಅಂತ ಗೊತ್ತಿತ್ತು ಕಣೇ. ಅಪ್ಪನ ಹೆಸರು ಹೋಗುತ್ತಲ್ಲ ಅಂತ..."

"ನನ್ನ ಸೊಂಟ ಹೋದ್ರೂ ಪರವಾಗಿಲ್ಲ!" ಎಂದಳು ಅವಳು. ಕೈಯಲ್ಲಿದ್ದ ಟೈರನ್ನು ಅವನ ಎದೆಗೆ ಎಸೆದಳು. ಬಿದ್ದದ್ದು ಮೆತ್ತಗೇ, ಆದರೂ ಅವನಿಗೆ ನೋಯಿತು. ನೋಯಲೇಬೇಕಿತ್ತು.

"ಆಮೇಲೆ ಹೊಡಿ, ನಾನೂ ಸೇರ್ಕೋತೀನಿ," ಎಂದಳು ಅಮ್ಮ, ಸ್ಟೂಲಿನ ಮೇಲೆ ಕೂರುತ್ತ. "ಮೊದಲು ಕೇಳಿ. ಅದು ನನ್ನ ಸೈಕಲ್ಲು."

ಹೆಂಡತಿ ಎಸೆಯಲೆಂದು ಎತ್ತಿದ್ದ ಇನ್ನೊಂದು ಟೈರನ್ನು ಕೆಳಗಿಟ್ಟಳು.

"ಮದುವೆ ಹೊಸದರಲ್ಲಿ ನಿಮ್ಮಪ್ಪನ ಜೊತೆ ಸೈಕಲ್ ತುಳೀಬೇಕು ಅಂತ ಆಸೆ ನನಗೆ. ಯಾವ ಸೈಕಲ್ಲು ಹತ್ತಿದ್ರೂ ದಬಕ್ ಅಂತ ಬೀಳೋದು. ಕಾಲು ಎಟುಕಲ್ಲ, ಮೈಯೆಲ್ಲ ಬಲಕ್ಕೆ ಜಾರುತ್ತೆ. ಅವರು ಏನ್ ಮಾಡಿದ್ರು ಗೊತ್ತಾ? ನನ್ನ ಚಪ್ಪಲಿ ನೋಡಿದ್ರು. ಯಾವ ಕಡೆ ಎಷ್ಟು ಸವೆದಿದೆ ಅಂತ, ಟೈರು ನೋಡ್ತಿದ್ರಲ್ಲ, ಹಾಗೇ ಬೆಳಕಿಗೆ ಹಿಡಿದು ಹಿಡಿದು ನೋಡಿದ್ರು. ಆಮೇಲೆ ನಾನು ಬಲಕ್ಕೆ ಎಷ್ಟು ಜಾರ್ತೀನೋ ಅಷ್ಟು ಸೀಟನ್ನ ಎಡಕ್ಕೆ ಸರಿಸಿ ಕಟ್ಟಿದ್ರು. ನಾನು ಕೂತ್ರೆ ಭಾರ ನೆಟ್ಟಗೆ ಗಾಲಿ ಮೇಲೆ ಬೀಳಬೇಕು ಅಂತ. ನಿನ್ನ ಹೆಂಡ್ತಿ ಮೈ ನೆಟ್ಟಗಿದೆ ಕಣೋ, ಅದಕ್ಕೇ ಅವಳ ಭಾರ ಎಡಕ್ಕೆ ಬೀಳುತ್ತೆ. ಬೀಳಬಾರದು ಅಂತ ಸೈಕಲ್ಲನ್ನ ಬಲಕ್ಕೆ ವಾಲಿಸ್ಕೋತಾಳೆ. ಟೈರು ಸವೆಯದೆ ಇನ್ನೇನಾಗುತ್ತೆ?"

"ಆದ್ರೆ ಹಿಂದಿನ ಕವಲು..." ಎಂದ ಮರಿ ಮೇಸ್ತ್ರಿ.

"ಕವಲು ನೆಟ್ಟಗೇ ಇದೆ, ಬೆಪ್ಪುತಕ್ಕಡಿ. ಡೊಂಕಿರೋದು ಸೀಟಿನ ಕೊಳವೆ!"

ಅವನು ಮತ್ತೆ ದಾರದ ಕಡೆಗೆ ಬಗ್ಗಿದ. ದಾರ ಕಟ್ಟಿ ಸಂದು ಹೆಚ್ಚುಕಡಿಮೆ ಕಂಡರೆ ಹಿಂದಿನ ಕವಲು ಸೊಟ್ಟ. ಅವನ ಕಸುಬಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ನಡುವಿನ ಕೊಳವೆಯನ್ನೇ ಬೇಕೆಂದು ಸರಿಸಿ ಕಟ್ಟುವವರು ಲೋಕದಲ್ಲಿ ಎಲ್ಲಿದ್ದಾರೆ? ದಾರ ಸುಳ್ಳು ಹೇಳಿರಲಿಲ್ಲ. ವ್ಯತ್ಯಾಸ ಎಷ್ಟೆಂದು ಹೇಳಿತ್ತು, ಯಾರದೆಂದು ಹೇಳಿರಲಿಲ್ಲ. ಅವಸರದಲ್ಲಿ ಗಾಲಿಗಳನ್ನು ಸಿಕ್ಕಿಸಿ, ಉದ್ದನೆಯ ನೇರ ಹಲಗೆಯೊಂದನ್ನು ಎರಡೂ ಗಾಲಿಗಳ ಪಕ್ಕಕ್ಕೆ ಒತ್ತಿ ಹಿಡಿದ. ಹಲಗೆ ನಾಲ್ಕೂ ಕಡೆ ತಾಗಿ ಕೂತಿತು. ಗಾಲಿಗಳೆರಡೂ ಒಂದೇ ಗೆರೆಯಲ್ಲಿದ್ದವು. ಇನ್ನೊಂದು ನಿಮಿಷ ಅಮ್ಮ ತಡವಾಗಿ ಬಂದಿದ್ದರೆ ಅವನು ನೆಟ್ಟಗಿದ್ದುದನ್ನೇ ಬಗ್ಗಿಸಿಬಿಡುತ್ತಿದ್ದ.

ಸೀಟಿನ ಕೊಳವೆಯ ಬುಡಕ್ಕೆ ಬೆರಳಿಟ್ಟು ಸವರಿದ. ಬೆಸುಗೆ ಎಷ್ಟು ನುಣುಪಾಗಿತ್ತೆಂದರೆ ಕೊಳವೆ ಎಲ್ಲಿ ವಾಲಲು ಶುರುವಾಯಿತೆಂದು ಬೆರಳಿಗೂ ಗೊತ್ತಾಗಲಿಲ್ಲ. ನೆಟ್ಟಗೆ ಕಟ್ಟುವುದು ಕಷ್ಟ, ನಿಜ. ಆದರೆ ಒಬ್ಬಳ ಮೈಗೆ ತಕ್ಕಷ್ಟು, ಒಂದೆಳೆ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಡೊಂಕು ಕಟ್ಟಿ, ಆ ಡೊಂಕು ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚುವುದು! ನಲವತ್ತು ವರ್ಷ ಅದನ್ನು ನೋಡುತ್ತ ಬೆಳೆದವನು, ಅದೇ ಕಸುಬಿನವನು, ಅವನಿಗೇ ಕಂಡಿರಲಿಲ್ಲ. ಅಪ್ಪ ಇಷ್ಟು ದೊಡ್ಡವನೆಂದು ಅವನು ತಿಳಿದಿರಲಿಲ್ಲ.

"ಯಾಕಮ್ಮ ಒಂದು ಮಾತು ಹೇಳಲಿಲ್ಲ ನೀನು?"

"ಯಾರು ಕೇಳಿದ್ರು? ಕುಂಟಿ ಸೈಕಲ್ಲು ಅಂತ ಯಾರೂ ಬೆರಳು ತೋರಿಸಬಾರದು, ಅಂತ ಕಾಣದ ಹಾಗೆ ಮಾಡಿಕೊಟ್ರು ಅವರು. ಊರು ಏಳೋಕೆ ಮುಂಚೆ ಇಬ್ಬರೂ ಕೆರೆ ಏರಿ ಮೇಲೆ ಹೋಗಿ ಬರ್ತಿದ್ವಿ. ಆಮೇಲೆ ನೀನು ಹೊಟ್ಟೇಲಿ ಬಂದೆ, ಸೈಕಲ್ಲು ಗೋಡೆಗೆ ಹೋಯ್ತು. ಹತ್ತಬೇಡ ಅಂತ ಯಾರೂ ಅನ್ನಲಿಲ್ಲಪ್ಪ. ಹತ್ತು ಅಂತಲೂ ಅನ್ನಲಿಲ್ಲ." ಅಮ್ಮ ಸೊಸೆಯ ಕಡೆ ತಿರುಗಿದಳು. "ನೀನು ಅದನ್ನ ಏರಿ ಹೋಗೋದು ನೋಡೋಕೆ ನನಗೆ ಎಷ್ಟು ಖುಷಿ ಆಗ್ತಿತ್ತು ಗೊತ್ತೇನೇ? ಹೇಳಿಬಿಟ್ರೆ ಇಳಿದುಬಿಡ್ತೀಯ ಅಂತ ಸುಮ್ಮನಿದ್ದೆ. ನಿನಗೆ ಇಷ್ಟು ನೋವಾಗ್ತಿದೆ ಅಂತ ನಿನ್ನೆವರೆಗೂ ಗೊತ್ತಿರಲಿಲ್ಲ ತಾಯಿ. ಹೋಗಿ ಹೇಳು ನಿನ್ನ ಕೋಚಿಗೆ, ನೆಲ ಡೊಂಕೇ ಇತ್ತು ಅಂತ."

ಹೆಂಡತಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ಕಣ್ಣು ಒರೆಸಿಕೊಂಡು, "ನನ್ನ ಹಳೇ ಸೈಕಲ್ಲು ಇದೆ. ಭಾನುವಾರ ಅದರಲ್ಲೇ ಹೋಗ್ತೀನಿ. ನೆಟ್ಟಗೆ ಕೂತ್ಕೊಂಡು," ಎಂದಳು. ಗಂಡನ ಕಡೆ ನೋಡದೆಯೇ, "ಅದರ ಬ್ರೇಕು ಇವತ್ತೇ ಸರಿ ಮಾಡಿಕೊಡಿ," ಎಂದೂ ಸೇರಿಸಿದಳು. ಅಷ್ಟು ಹೇಳಿದ್ದೇ ಅವನಿಗೆ ದೊಡ್ಡದಾಯಿತು.

ಅಮ್ಮ ಮರದ ತುಂಡನ್ನು ಅವನ ಮುಂದೆ ಹಿಡಿದಳು. "ಇದನ್ನ ಬಲಗಡೆ ಪೆಡಲಿಗೆ ಹಾಕು."

"ಅಮ್ಮಾ! ಈ ವಯಸ್ಸಲ್ಲಿ ಬಿದ್ದುಗಿದ್ದು..."

"ಹಾಕು ಅಂದೆ."

ಹಳೆಯ ಪೆಡಲು ಹುಡುಕಿ ತಂದು ಹಾಕಿದ. ತಿರುಪುಗಳು ತಮ್ಮ ತೂತುಗಳನ್ನು ಮರೆತಿರಲಿಲ್ಲ. ಹೊಸ ಟೈರಿನ ಮೇಲೆ, ಅಪ್ಪ ಗಿರಾಕಿಗಳಿಗೆ ಮಾಡುತ್ತಿದ್ದ ಹಾಗೆ, ಈ ಅಂಚಿನಿಂದ ಆ ಅಂಚಿನವರೆಗೆ ಸುತ್ತಲೂ ಸೀಮೆಸುಣ್ಣ ತಿಕ್ಕಿದ. ನೆಲಕ್ಕೆ ತಾಗಿದ ಜಾಗದ ಸುಣ್ಣವಷ್ಟೇ ಹೋಗುತ್ತದೆ. ಸವೆತ ಎಲ್ಲಿ ಆಗುತ್ತದೆಂದು ಟೈರು ಅಲ್ಲೇ ಹೇಳಿಬಿಡುತ್ತದೆ. ಮೊದಲು ಹೆಂಡತಿ ಬೀದಿಯ ತುದಿಯವರೆಗೆ ಹೋಗಿ ಬಂದಳು. ಸುಣ್ಣ ಬಲಗಡೆ ಅಳಿಸಿಹೋಗಿತ್ತು, ಎಡಗಡೆ ಬೆಳ್ಳಗೆ ಉಳಿದಿತ್ತು. ಅದನ್ನು ಒರೆಸಿ ಮತ್ತೆ ತಿಕ್ಕಿದ.

ವರ್ಕ್‌ಶಾಪಿನ ಮುಂದೆ ಒಂದು ಕಲ್ಲಿನ ಮೆಟ್ಟಿಲಿತ್ತು, ಯಾವ ಬಾಗಿಲಿಗೂ ಸೇರದ್ದು. ಬಂದವರೆಲ್ಲ ಎಡವಿ ಬೈಯುತ್ತಿದ್ದರು, ಅಪ್ಪ ಮಾತ್ರ ಅದನ್ನು ಕೀಳಲು ಬಿಟ್ಟಿರಲಿಲ್ಲ. ಅಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ನೇರವಾಗಿ ಆ ಕಲ್ಲಿನ ಮೇಲೆ ಹತ್ತಿ, ಅಲ್ಲಿಂದ ಸಲೀಸಾಗಿ ಸೀಟಿನ ಮೇಲೆ ಕುಳಿತಳು. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವನು ಸೀಟಿನ ಹಿಂಭಾಗವನ್ನು ಹಿಡಿದು ಜೊತೆಗೆ ಓಡಿದ. ಮೊದಲ ನಾಲ್ಕು ತುಳಿತ ಹ್ಯಾಂಡಲು ನಡುಗಿತು. ಆಮೇಲೆ ಅಂಗೈಗೆ ಏನೋ ಗೊತ್ತಾಗತೊಡಗಿತು. ಸೈಕಲ್ಲು ಎಡಕ್ಕೂ ಎಳೆಯುತ್ತಿರಲಿಲ್ಲ, ಬಲಕ್ಕೂ ಎಳೆಯುತ್ತಿರಲಿಲ್ಲ. ಅವನ ಕೈಗೆ ಅಲ್ಲಿ ಕೆಲಸವೇ ಇರಲಿಲ್ಲ. ಕೈ ಬಿಟ್ಟ. ನೆಲದ ಮೇಲೆ ನಾಲ್ಕು ಹೆಜ್ಜೆಗೆ ನಾಲ್ಕು ಸಲ ವಾಲುವ ಅಮ್ಮ, ಜೀವಮಾನದಲ್ಲಿ ಅವನು ಒಂದು ದಿನವೂ ನೆಟ್ಟಗೆ ನಡೆದದ್ದು ಕಾಣದ ಅಮ್ಮ, ನೆಟ್ಟಗೆ ಹೋಗುತ್ತಿದ್ದಳು. ದರ್ಜಿಯ ಅಂಗಡಿ ದಾಟಿದಳು. ದರ್ಜಿ ಮಿಷನ್ನು ನಿಲ್ಲಿಸಿ ಬಾಗಿಲಿಗೆ ಬಂದ. ಬೀದಿಯ ತುದಿಯ ನಲ್ಲಿಯನ್ನು ಸುತ್ತು ಹಾಕಿ ತಿರುಗಿದಳು. ಬೆಳ್ಳಗಿನ ಕೂದಲು ಬಿಚ್ಚಿಹೋಗಿತ್ತು.

"ಹಿಡ್ಕೊಳ್ರೋ! ಇಳಿಯೋದು ಮರೆತುಹೋಗಿದೆ!" ಎಂದು ದೂರದಿಂದಲೇ ಕೂಗಿದಳು.

ಇಬ್ಬರೂ ಓಡಿಹೋಗಿ ಕಲ್ಲಿನ ಪಕ್ಕಕ್ಕೆ ತಂದು ನಿಲ್ಲಿಸಿದರು. ಅಮ್ಮ ಇಳಿಯಲಿಲ್ಲ. ಒಂದು ಕಾಲು ಕಲ್ಲಿನ ಮೇಲೆ ಊರಿ, ಏದುಸಿರು ಬಿಡುತ್ತ, ಮುಂದಕ್ಕೆ ನೋಡುತ್ತ ಕುಳಿತಿದ್ದಳು. ಮರಿ ಮೇಸ್ತ್ರಿ ಹಿಂದಿನ ಗಾಲಿಯ ಬಳಿ ಮಂಡಿಯೂರಿದ. ಹೆಂಡತಿಯೂ ಪಕ್ಕದಲ್ಲಿ ಕುಕ್ಕರಿಸಿದಳು. ಟೈರಿನ ನಟ್ಟನಡುವೆ ಒಂದು ಕಪ್ಪು ಪಟ್ಟಿ, ಸುತ್ತಲೂ ಒಂದೇ ಅಗಲಕ್ಕೆ. ಅದರ ಎರಡೂ ಕಡೆ ಸುಣ್ಣ ಸಮನಾಗಿ, ಬೆಳ್ಳಗೆ, ಮುಟ್ಟದೆ ಉಳಿದಿತ್ತು. ಅವನು ಬೆರಳಿಟ್ಟು ಅಳೆಯಲು ಹೋದವನು, ಅಳೆಯದೆ ಕೈ ಹಿಂದಕ್ಕೆ ತೆಗೆದುಕೊಂಡ. ಕಣ್ಣು ಮಂಜಾಗಿತ್ತು. ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟಳು.

"ಸರಿಯಾಗಿದೆಯೇನೋ?" ಎಂದಳು ಅಮ್ಮ, ಮೇಲಿನಿಂದ.

ಅವನು ಕೂತಲ್ಲೇ ತಲೆಯಾಡಿಸಿದ, ಮುಂದಕ್ಕೆ ನೋಡುತ್ತಿದ್ದ ಅವಳಿಗೆ ಅದು ಕಾಣಲಿಲ್ಲ.

"ಹೋಗ್ಲಿ ಬಿಡು. ಇನ್ನೊಂದು ಸಲ ಸುಣ್ಣ ತಿಕ್ಕು, ಇನ್ನೊಂದು ಸುತ್ತು ಹೋಗಿಬರ್ತೀನಿ."

ಅವನು ಜೇಬಿನಲ್ಲಿ ಸೀಮೆಸುಣ್ಣಕ್ಕಾಗಿ ತಡಕಾಡುತ್ತಿದ್ದಂತೆಯೇ ಅವಳು ಕಲ್ಲನ್ನು ಒದ್ದು ಹೊರಟಾಗಿತ್ತು. ಬಿಸಿಲಿನಲ್ಲಿ ಗಾಲಿ ತಿರುಗುತ್ತ ಹೋಯಿತು, ನಡುವೆ ಕಪ್ಪು ಗೆರೆ, ಆ ಕಡೆ ಬಿಳಿ, ಈ ಕಡೆ ಬಿಳಿ.